ಉಗುರಿಗೆ ಇಳಿದ ಹೊಸಹೊಳಲಿನ ಬಳ್ಳಿ

ಕಿರಂಗೂರಿನ ಮದುವೆ ಮನೆಯ ಹಿತ್ತಲಿಗೆ ಇನ್ನೂ ಬೆಳಕು ಇಳಿದಿಲ್ಲ. ಮುಂದಿನ ಚಪ್ಪರದಲ್ಲಿ ವಾಲಗದವರು ಕಾಫಿಗೆ ಕಾಯುತ್ತಿದ್ದಾರೆ. ಹಿಂದೆ ನೀರೊಲೆಯ ಮುಂದೆ ಹೆಂಗಸರ ಗಲಾಟೆ. ಆ ಗಲಾಟೆಯಿಂದ ಸ್ವಲ್ಪ ದೂರದಲ್ಲಿ, ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ತೂಗುಬಿಟ್ಟ ಬಲ್ಬಿನ ಕೆಳಗೆ ಚಾಪೆ ಹಾಸಿದೆ. ಚಾಪೆಯ ಮೇಲೆ ಮದುವೆ ಹುಡುಗಿ. ಅವಳ ಎಡಗೈಯನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು, ಒಂದೊಂದೇ ಉಗುರನ್ನು ನಿಂಬೆಹೋಳಿನಿಂದ ಉಜ್ಜುತ್ತಿರುವವರು ಪುಟ್ಟಗೌರಮ್ಮ.

“ಎಣ್ಣೆ ನೀರು ಉಯ್ದವ್ರೆ, ಸೀಗೆಪುಡಿ ಸರಿಯಾಗಿ ಉಜ್ಜಿಲ್ಲ. ಉಗುರಿನ ಮ್ಯಾಲೆ ಎಣ್ಣೆ ಪಸೆ ಇದ್ರೆ ಊವು ಕೂರಾಕಿಲ್ಲ, ಜಾರ್ಕೊಂಡು ಓಯ್ತದೆ,” ಎಂದು ಯಾರ ಮುಖವನ್ನೂ ನೋಡದೆ ಬೈಯುತ್ತಾರೆ.

ಉಗುರು ಒರೆಸಿ ಕೆಂಪು ಪಾಲಿಶ್ ಬಳಿದದ್ದಾಯಿತು. ಅದು ಒಣಗುವ ಹೊತ್ತಿಗೆ ಸೊಂಟದ ಎಲೆಅಡಿಕೆ ಚೀಲದಿಂದ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಹಿತ್ತಾಳೆ ತಗಡು ಹೊರಬರುತ್ತದೆ. ತಗಡಿನ ಮೇಲೆ ಕೂದಲೆಳೆಯ ಗೀರುಗಳಲ್ಲಿ ಕೊರೆದ ಒಂದು ಬಳ್ಳಿ. ಅದರ ಮೇಲೆ ಬಿಳಿ ಪಾಲಿಶನ್ನು ಒಮ್ಮೆ ಎಳೆದು, ಅರ್ಧ ಬ್ಲೇಡಿನಿಂದ ಸರಕ್ಕನೆ ಕೆರೆಯುತ್ತಾರೆ. ಮೇಲಿನ ಬಣ್ಣವೆಲ್ಲ ಬ್ಲೇಡಿನ ಅಂಚಿಗೆ ಬಂದು, ಗೀರುಗಳ ಒಳಗಿನದಷ್ಟೇ ಉಳಿಯುತ್ತದೆ. ಕಿವಿಗೆ ಔಷಧಿ ಬಿಡುವ ನಳಿಕೆಯ ತುದಿಯ ರಬ್ಬರ್ ಬುಡ್ಡೆಯನ್ನು ಅದರ ಮೇಲೆ ಒತ್ತಿ ಎತ್ತಿದರೆ ಬಳ್ಳಿ ರಬ್ಬರಿಗೆ ಬಂದಿರುತ್ತದೆ. ಅದನ್ನು ಹುಡುಗಿಯ ಉಗುರಿನ ಮೇಲೆ ಈ ಕಡೆಯಿಂದ ಆ ಕಡೆಗೆ ಉರುಳಿಸುತ್ತಾರೆ. ಇಷ್ಟೂ ಆಗುವುದು ಒಂದು ಉಸಿರಿನಲ್ಲಿ. ತಡವಾದರೆ ಪಾಲಿಶ್ ರಬ್ಬರಿನ ಮೇಲೇ ಒಣಗಿಬಿಡುತ್ತದೆ.

ಕೆಂಪು ಉಗುರಿನ ಮೇಲೆ ಬಿಳಿ ಬಳ್ಳಿಯೊಂದು ಮೈ ಬಳುಕಿಸಿ ಕೂತಿದೆ. ಮದುವೆ ಹುಡುಗಿ ಬಾಯಿ ತೆರೆದು ನೋಡುತ್ತಾಳೆ. ಪುಟ್ಟಗೌರಮ್ಮ ನೋಡುವುದು ಬಳ್ಳಿಯನ್ನಲ್ಲ, ಹುಡುಗಿಯ ಬೆರಳನ್ನು.

“ಎಂಥಾ ಉಗುರು ಕೊಟ್ಟವ್ನೆ ನೋಡಿ ದೇವ್ರು. ಒಂದಿನ ಸಗಣಿ ಬಾಚಿದ ಕೈಯಲ್ಲ ಇದು. ನೋಡುದ್ರೆ ಒಟ್ಟೆ ಉರೀತದೆ.”

ಹುಡುಗಿ ತಮಾಷೆ ಅಂದುಕೊಂಡು ನಗುತ್ತಾಳೆ. ಪುಟ್ಟಗೌರಮ್ಮ ನಗುವುದಿಲ್ಲ. ಬಲಗೈ ಕೊಡು ಅನ್ನುತ್ತಾರೆ.

ಪಾಂಡವಪುರದ ಸುತ್ತಮುತ್ತ, ಕೆ.ಆರ್. ಪೇಟೆಯ ಕಡೆ, ಈಚೆಗೆ ನಾಗಮಂಗಲದವರೆಗೂ ಮದುವೆ ನಿಶ್ಚಯವಾದ ಮನೆಗಳಿಂದ ಇವರಿಗೆ ಕರೆ ಬರುತ್ತದೆ. ಬಳೆಗಾರನಿಗೆ ಹೇಳಿದಂತೆ, ಹೂವಿನವರಿಗೆ ಹೇಳಿದಂತೆ, “ಉಗುರಿನ ಗೌರಮ್ಮಂಗೂ ಒಂದು ಮಾತು ಯೋಳಿ” ಅನ್ನುವುದು ರೂಢಿಯಾಗುತ್ತಿದೆ. ಹಾಗಂತ ಪೇಟೆಯಲ್ಲಿ ಇವರ ಹೆಸರಿನ ಬೋರ್ಡಿಲ್ಲ, ಅಂಗಡಿಯಿಲ್ಲ. ನಾಲೆ ಏರಿಯ ಪಕ್ಕದ ಹಳ್ಳಿಯಲ್ಲಿ ಎರಡು ಹಸು, ಒಂದಿಷ್ಟು ಕಬ್ಬಿನ ಗದ್ದೆ. ಗಂಡ ಹೊನ್ನಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ತಿಂಗಳುಗಳಿಗಷ್ಟೇ ಕೆಲಸಗಾರ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ, ಜಗಲಿಯ ಮೂಡಣ ಬದಿಗೆ ಬಿಸಿಲು ಬೀಳುವ ಅಷ್ಟೇ ಹೊತ್ತಿನಲ್ಲಿ ಇವರ ತಗಡಿನ ಕೆಲಸ ನಡೆಯುತ್ತದೆ. ಆಮೇಲೆ ಬಿಸಿಲು ಸೂರಿಗೆ ಹತ್ತುತ್ತದೆ, ಗೀರು ಕಾಣುವುದಿಲ್ಲ.

ಇದನ್ನು ಕಲಿಸಿದವರು ಯಾರು ಅಂತ ಕೇಳಿದರೆ ಗೌರಮ್ಮ ಕೊಡುವ ಉತ್ತರ ನೇರವಾಗಿದೆ.

“ಯಾರೂ ಕಲಿಸ್ಲಿಲ್ಲ ಕಣವ್ವ. ಒಟ್ಟೆಕಿಚ್ಚು ಕಲಿಸ್ತು.”

ಮೊದಲ ಹೊಟ್ಟೆಕಿಚ್ಚು ತಮ್ಮನ ಮೇಲೆ. ಗೌರಮ್ಮನ ತಂದೆ ಚಲುವಯ್ಯ ಪಾಂಡವಪುರದ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಕೊರೆಯುತ್ತಿದ್ದರು. ಮದುವೆಗೆ ಕೊಡುವ ಕೊಳಗ, ಬಿಂದಿಗೆ, ತಟ್ಟೆ ಎಲ್ಲದರ ಮೇಲೂ ‘ಇಂಥವರಿಗೆ ಇಂಥವರ ಉಡುಗೊರೆ’ ಅಂತ ಚಾಣದ ಮೊನೆಯಿಂದ ಟಕಟಕ ಬಡಿದು ಬರೆಯುವ ಕೆಲಸ. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ಹುಡುಗಿ ಪಕ್ಕದಲ್ಲೇ ಕೂತು, ತಳ ಕಿತ್ತುಹೋದ ಹಿತ್ತಾಳೆ ಚೊಂಬಿನ ಮೇಲೆ ಗೀಚಿ ಗೀಚಿ ಕಲಿತಳು. ಅಕ್ಷರ ಸರಿಯಾಗಿ ಬರಲಿಲ್ಲ, ಹೂವು ಬಂತು. ಅಪ್ಪ ಒಂದು ದಿನ ಆ ಚೊಂಬನ್ನು ತಿರುಗಿಸಿ ನೋಡಿ, “ನಿನ್ ಕೈಯಿ ನನ್ ಕೈಗಿಂತ ತೆಳ್ಳುಗೈತೆ ಕಣ್ ಮಗ,” ಅಂದರಂತೆ.

ಆದರೂ ಕಣ್ಣು ಮಂಜಾದಾಗ ಅಪ್ಪ ಚಾಣಗಳ ಗಂಟನ್ನು ಕೊಟ್ಟಿದ್ದು ಮಗ ನಿಂಗರಾಜುವಿಗೆ. ಅವನು ಒಂದು ವರ್ಷ ಹೇಗೋ ಬಡಿದು, ಬೇಸರ ಹತ್ತಿ, ಕಾರ್ಖಾನೆಗೆ ಸೇರಿಕೊಂಡ. ಗಂಟು ಅಟ್ಟ ಸೇರಿ ತುಕ್ಕು ಹಿಡಿಯಿತು.

“ನಾನು ಕೂರ್ತೀನಿ ಅಂದೆ. ಎಣ್ಣುಮಗ್ಳು ಪ್ಯಾಟೇಲಿ ಕೂತು ಕಂಡೋರ ಬಿಂದ್ಗೆಗೆ ಎಸ್ರು ಕೊರೀತಾಳಾ ಅಂತ ನಮ್ಮವ್ವ ಬಾಯಿ ಬಡ್ಕೊಂಡ್ಳು. ಅವ್ನಿಗೆ ಬ್ಯಾಡ, ನಂಗೆ ಬೇಕು, ನಂಗೆ ಕೊಡಾಕಿಲ್ಲ. ಮದ್ವೆಯಾಗಿ ಬರೋವಾಗ ಆ ಗಂಟಿಂದ ಸಣ್ಣ ಚಾಣ ಒಂದ ಕದ್ದು ಸೀರೆ ಮಡ್ಕೇಲಿ ಇಟ್ಕೊಂಡ್ ಬಂದೆ. ತೌರಿಂದ ನಾನು ಕದ್ದುದ್ದು ಅದೊಂದೇಯ.”

ಗಂಡನ ಮನೆಯಲ್ಲಿ ಆ ಚಾಣ ಬಹಳ ವರ್ಷ ಸುಮ್ಮನಿತ್ತು. ಅತ್ತೆ ಪಾರ್ವತಮ್ಮನ ಮನೆ, ದೊಡ್ಡ ಸೊಸೆ ಗೌರಮ್ಮ. ಸಗಣಿ, ಹುಲ್ಲು, ರಾಗಿ ಮುದ್ದೆ, ಕಬ್ಬಿನ ತರಗು. ಬಿಡುವು ಸಿಕ್ಕ ದಿನ ಯಾವುದಾದರೂ ತಗಡಿನ ಚೂರಿಗೆ ಒಂದು ಹೂ ಕೊರೆದು, ಯಾರಿಗೂ ತೋರಿಸದೆ ಗೂಡಿನಲ್ಲಿಡುತ್ತಿದ್ದರು. ತೊಂಬತ್ತಮೂರರಲ್ಲಿ ಮೈದುನನ ಮದುವೆಯಾಗಿ ರಂಜಿತ ಆ ಮನೆಗೆ ಬಂದಳು. ಗೌರಮ್ಮನ ಮಾತಿನಲ್ಲಿ ಹೇಳುವುದಾದರೆ, ಬೆಂಕಿ ಬಿದ್ದಿದ್ದು ಆವಾಗ.

ರಂಜಿತ ಶ್ರೀರಂಗಪಟ್ಟಣದ ಹುಡುಗಿ, ಪಿಯುಸಿ ಓದಿದವಳು. ಅವಳ ಟ್ರಂಕಿನಲ್ಲಿ ಸೀರೆಗಳ ಜೊತೆಗೆ ಉಗುರು ಪಾಲಿಶ್‌ನ ಸೀಸೆಗಳಿದ್ದವು. ಬೆರಳುಗಳ ತುದಿಗೆ ಬಾದಾಮಿ ಬೀಜದಂಥ ಉದ್ದನೆಯ ಉಗುರುಗಳಿದ್ದವು. ಅವಳು ಬಂದ ಎರಡನೇ ದಿನ ಸಗಣಿಗೆ ಕೈ ಹಾಕಲು ಹೋದಾಗ ಪಾರ್ವತಮ್ಮ ತಡೆದು, “ಬ್ಯಾಡ ಬುಡವ್ವ, ಉಗುರು ಮುರ್ದೋಯ್ತವೆ, ಗೌರಿ ಬಾಚ್ತಾಳೆ,” ಅಂದರು.

“ನನಗೂ ಉಗುರಿದ್ದೋ ಕಣವ್ವ, ನಾನು ಬಂದಾಗ,” ಎಂದು ಹೇಳುವಾಗ ಗೌರಮ್ಮ ಕೈಯಲ್ಲಿದ್ದ ತಗಡನ್ನು ಪಕ್ಕಕ್ಕಿಡುತ್ತಾರೆ. “ಯಾರೂ ‘ಮುರ್ದೋಯ್ತವೆ’ ಅನ್ನಲಿಲ್ಲ. ಮುರ್ದೋದೋ.”

ರಂಜಿತ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು ಅನ್ನುತ್ತಾರೆ ಇವರು. ಅವಳು ಅಕ್ಕಾ ಅಕ್ಕಾ ಅಂತ ಹಿಂದೆ ಮುಂದೆ ಸುತ್ತುತ್ತಿದ್ದಳು. ಸಂಜೆ ಜಗಲಿಯ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚುವಾಗ ಗೌರಮ್ಮನ ಕೈ ಹಿಡಿದು ಎಳೆದು, “ನಿಮಗೂ ಹಚ್ತೀನಿ ಬನ್ನಿ” ಅನ್ನುತ್ತಿದ್ದಳು. ಗೌರಮ್ಮ ಕೈ ಬಿಡಿಸಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದರು.

ಒಂದು ಸಂಜೆ ಅವಳು ಬಿಳಿ ಪಾಲಿಶ್‌ನ ಸೀಸೆಯನ್ನು ಇಡಲು ಜಾಗ ಹುಡುಕಿ, ಗೂಡಿನಲ್ಲಿದ್ದ ಹಿತ್ತಾಳೆ ಚೂರನ್ನು ತಗೊಂಡು ಅದರ ಮೇಲಿಟ್ಟಳು. ಸೀಸೆ ಉರುಳಿ ಪಾಲಿಶ್ ತಗಡಿನ ಮೇಲೆಲ್ಲ ಚೆಲ್ಲಿತು. ತಾನು ಕೊರೆದ ಮಲ್ಲಿಗೆ ಹಾಳಾಯಿತೆಂದು ಗೌರಮ್ಮನಿಗೆ ಸಿಟ್ಟು. ಮೈದುನನ ಹಳೆಯ ಬ್ಲೇಡು ತಂದು ಗರಗರ ಕೆರೆದರು. ಕೆರೆದ ಮೇಲೆ ತಗಡು ಸ್ವಚ್ಛ, ಗೀರಿನೊಳಗೆ ಮಾತ್ರ ಬಿಳಿ. ಅದನ್ನೂ ತೆಗೆಯೋಣ ಅಂತ ಹೆಬ್ಬೆಟ್ಟಿನಿಂದ ಒತ್ತಿದರು. ಬೆರಳು ಎತ್ತಿದರೆ ಹೆಬ್ಬೆಟ್ಟಿನ ಮೇಲೆ ಇಡೀ ಮಲ್ಲಿಗೆ ಹೂವು.

“ಅಕ್ಕಾ!” ಅಂತ ರಂಜಿತ ಕೂಗಿದ್ದು ಬೀದಿಗೆ ಕೇಳಿಸಿತಂತೆ.

ಹೆಬ್ಬೆಟ್ಟಿನಿಂದ ಉಗುರಿಗೆ ದಾಟಿಸಲು ಗೌರಮ್ಮ ಪಟ್ಟ ಪಾಡು ಬೇರೆಯೇ ಕಥೆ. ಬೆರಳಿಗೆ ಗೆರೆಗಳಿರುವುದರಿಂದ ಹೂವು ಒಡೆಯುತ್ತಿತ್ತು. ಶಾಲೆ ಮಕ್ಕಳ ರಬ್ಬರು, ಸೈಕಲ್ಲಿನ ಟ್ಯೂಬು, ಔಷಧಿ ಬಾಟಲಿಯ ಬಿರಡೆ ಎಲ್ಲ ಆಯಿತು. ಕೊನೆಗೆ ಗೆದ್ದಿದ್ದು ಪಾರ್ವತಮ್ಮನ ಕಿವಿ ಔಷಧಿಯ ರಬ್ಬರ್ ಬುಡ್ಡೆ. ನುಣುಪು, ಮೆತ್ತಗೆ, ಉಗುರಿನ ಉಬ್ಬಿಗೆ ತಾನೇ ಒಗ್ಗುತ್ತದೆ. ಅತ್ತೆ ಎಷ್ಟೋ ದಿನ ತಮ್ಮ ನಳಿಕೆಯನ್ನು ಮನೆಯೆಲ್ಲ ಹುಡುಕಿದರು. ಪಾಲಿಶ್ ತೆಳ್ಳಗಿದ್ದರೆ ಹರಿದುಹೋಗುತ್ತದೆ ಎಂದು ಸೀಸೆಯ ಮುಚ್ಚಳ ತೆಗೆದು ನೆರಳಿನಲ್ಲಿ ಒಂದು ಮಧ್ಯಾಹ್ನ ಗಟ್ಟಿಯಾಗಲು ಬಿಡುವುದನ್ನೂ ಹಾಗೇ ಕಂಡುಕೊಂಡರು.

ಹೂವು ಸರಿಯಾಗಿ ಕೂತ ದಿನ ಅದು ಕೂತಿದ್ದು ರಂಜಿತಳ ಉಗುರಿನ ಮೇಲೆ. ಬೇರೆ ಯಾವ ಉಗುರಿತ್ತು ಆ ಮನೆಯಲ್ಲಿ?

ಕೆ.ಆರ್. ಪೇಟೆಯಲ್ಲಿ ನೆಂಟರ ಮನೆಯ ಮದುವೆ. ಹೆಂಗಸರೆಲ್ಲ ರಂಜಿತಳ ಸುತ್ತ ಮುತ್ತಿಕೊಂಡು ಅವಳ ಕೈಯನ್ನು ಒಬ್ಬರಿಂದ ಒಬ್ಬರು ಕಿತ್ತುಕೊಂಡು ನೋಡಿದರು. ಅವಳು ಗೌರಮ್ಮನ ಹೆಸರು ಹೇಳಿದಳೋ ಇಲ್ಲವೋ, ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಗೌರಮ್ಮ ಪಕ್ಕದಲ್ಲೇ, ರಂಜಿತಳ ಕೈಚೀಲವನ್ನು ಹಿಡಿದುಕೊಂಡು ನಿಂತಿದ್ದರು.

“ಉಗುರು ಅವ್ಳದು, ಊವು ನಂದು. ಒಗಳಿದ್ದು ಅವ್ಳನ್ನ. ಆವತ್ತು ಅವ್ಳ ಚೀಲ ತಗೊಂಡೋಗಿ ಕಲ್ಯಾಣಿಗೆ ಎಸ್ದುಬುಡೋಣ ಅನ್ನುಸ್ತು.”

ಎಸೆಯಲಿಲ್ಲ. ಆದರೆ ಆ ಮದುವೆಯ ನಂತರ ಸುತ್ತಲ ಹಳ್ಳಿಯ ಹುಡುಗಿಯರು ಮನೆ ಹುಡುಕಿಕೊಂಡು ಬರತೊಡಗಿದರು. ಬಾಗಿಲಲ್ಲಿ ನಿಂತು ಅವರು ಕೇಳುತ್ತಿದ್ದುದು “ರಂಜಿತಕ್ಕ ಇದಾರಾ?” ಅಂತ. ಒಳಗೆ ಕೂರಿಸಿ ಅಚ್ಚೊತ್ತುತ್ತಿದ್ದವರು ಗೌರಮ್ಮ.

ಎರಡು ವರ್ಷದ ಮೇಲೆ ಮೈದುನನಿಗೆ ಶ್ರೀರಂಗಪಟ್ಟಣದಲ್ಲಿ ಕೆಲಸ ಸಿಕ್ಕಿ, ಗಂಡ ಹೆಂಡತಿ ಹೊರಟುನಿಂತರು. ಬಾಗಿಲಲ್ಲಿ ಕುಂಕುಮ ಇಡಿಸಿಕೊಂಡು ರಂಜಿತ, “ಅಕ್ಕಾ, ನೆನಪಿಗೆ ನಾಲ್ಕು ಅಚ್ಚು ಕೊಡಿ,” ಅಂದಳು. ಅತ್ತೆ ಅಲ್ಲೇ ನಿಂತಿದ್ದರು. ಕೊಡದೆ ವಿಧಿಯಿಲ್ಲ. ಮಲ್ಲಿಗೆ, ಮಾವಿನ ಮಿಡಿ, ನವಿಲುಗರಿ, ನಕ್ಷತ್ರ ನಾಲ್ಕನ್ನೂ ಗೌರಮ್ಮ ಅವಳ ಕೈಗಿಟ್ಟರು. ಆಗ ಅವರ ಬಳಿ ಅಚ್ಚಿಗೆ ಒದಗುವಂಥವು ಇದ್ದುದೇ ಆ ನಾಲ್ಕು.

ಕೆಲವು ತಿಂಗಳಿಗೆ ಸುದ್ದಿ ಬಂತು. ರಂಜಿತ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದು ಬ್ಯೂಟಿ ಪಾರ್ಲರ್ ತೆಗೆದಿದ್ದಾಳೆ. ಗೌರಮ್ಮ ಯಾರಿಗೂ ಹೇಳದೆ ಒಂದು ದಿನ ಬಸ್ಸು ಹತ್ತಿದರು. ಹಸುವಿಗೆ ಹಿಂಡಿ ತರುತ್ತೇನೆ ಅಂತ ಹೇಳಿ ಹೊರಟಿದ್ದು. ಪಾರ್ಲರಿನ ಎದುರಿಗೆ ಕಬ್ಬಿನ ಹಾಲಿನ ಗಾಡಿಯಿತ್ತು, ಅದರ ಮರೆಯಲ್ಲಿ ನಿಂತರು. ಬೋರ್ಡಿನ ಮೇಲೆ ಬರೆದಿತ್ತು: ‘ಉಗುರಿನ ಮೇಲೆ ಹೂವಿನ ಅಚ್ಚು, ಇಲ್ಲಿ ಮಾತ್ರ.’

“ಓದ್ದೆ. ಮತ್ತೆ ಓದ್ದೆ. ಊವಿನ ಅಚ್ಚು ಅಂತಿದ್ರೆ ಸುಮ್ನಿರ್ತಿದ್ದೆ ಕಣವ್ವ. ‘ಇಲ್ಲಿ ಮಾತ್ರ’ ಅಂತೆ! ಮನೇಲಿ ಕಬ್ಬು ಬೆಳ್ಯೋಳು ನಾನು, ಕಾಸು ಕೊಟ್ಟು ಕಬ್ಬಿನಾಲು ಕುಡೀತಾ ನಿಂತಿದ್ದೆ, ಕಣ್ಣಲ್ಲಿ ನೀರು ಇಂಗೆ ಇಳೀತಾವೆ. ಒಳಗಿಂದ ಉಡ್ಗೀರು ಕೈ ಮುಂದಕ್ಕೆ ಚಾಚ್ಕೊಂಡು, ನನ್ ಮಲ್ಲಿಗೆ ಊವ ಒಣಗಿಸ್ಕೊಂಡು ಓಗ್ತಾವ್ರೆ.”

ಒಳಗೆ ಹೋಗಿ ಕೇಳಬಹುದಿತ್ತಲ್ಲ?

“ಒಳಕ್ಕೋದ್ರೆ ‘ಬನ್ನಿ ಅಕ್ಕಾ’ ಅಂತಾಳೆ. ಕಾಪಿ ಕೊಡ್ತಾಳೆ. ಆಮ್ಯಾಕೆ ಎಂಗೆ ಜಗಳಾಡದು?”

ಹಿಂಡಿಯಿಲ್ಲದೆ ಮನೆಗೆ ಬಂದರು. ಗಂಡನೊಡನೆ ಮೂರು ದಿನ ಮಾತಾಡಲಿಲ್ಲ. ಹೊನ್ನಪ್ಪ ಮಿತಭಾಷಿ. ನಾವು ಮಾತಾಡುವಾಗ ಹಸುವಿನ ಹಗ್ಗ ಹೊಸೆಯುತ್ತಾ ಕೂತಿದ್ದವರು ಇಲ್ಲಿ ಮಾತ್ರ ಬಾಯಿ ಹಾಕುತ್ತಾರೆ: “ಇವ್ಳ ಒಟ್ಟೆ ಉರೀಲಿ ಒಂದ್ ಕೊಪ್ಪರಿಗೆ ಬೆಲ್ಲ ಕಾಯಿಸ್ಬೋದಿತ್ತು ಕಣಮ್ಮ. ಸೌದೆನೇ ಬ್ಯಾಡ.”

ಆ ಉರಿಯಲ್ಲಿ ಕಾದಿದ್ದು ಬೆಲ್ಲವಲ್ಲ. ಗೌರಮ್ಮನ ಚಿಕ್ಕಮ್ಮನ ಮನೆ ಹೊಸಹೊಳಲಿನಲ್ಲಿದೆ. ಏನೋ ನೆಪ ಮಾಡಿ ಅಲ್ಲಿಗೆ ಹೋದವರು ಲಕ್ಷ್ಮೀನಾರಾಯಣನ ಗುಡಿಯ ಸುತ್ತ ದಿನವೂ ತಿರುಗಿದರು. ಊರಿನವರು ಹರಕೆ ಅಂದುಕೊಂಡರು. ಗೋಡೆಯ ಬುಡದಲ್ಲಿ ಸಾಲಾಗಿ ಆನೆ, ಕುದುರೆ, ಅದರ ಮೇಲೆ ಒಂದು ಬಳ್ಳಿ. ಸುರುಳಿ ಸುತ್ತಿ ಸುತ್ತಿ ಗುಡಿಯ ಮೈಯೆಲ್ಲ ಹಬ್ಬಿದ ಬಳ್ಳಿ. ಆನೆಯನ್ನು ಬಿಟ್ಟು ಗೌರಮ್ಮ ಬಳ್ಳಿಯನ್ನು ಹಿಡಿದರು. ನಾಗಮಂಗಲದ ಹಿತ್ತಾಳೆ ಕೆಲಸದವರಿಂದ ತರಿಸಿದ ತಗಡಿನ ಚೂರುಗಳ ಮೇಲೆ ಒಂದು ಇಡೀ ಬೇಸಿಗೆ ಅದನ್ನೇ ಕೊರೆದರು. ಸುರುಳಿ ಉಗುರಿನಷ್ಟಕ್ಕೆ ಇಳಿಯಬೇಕು, ಇಳಿದರೂ ಬಳ್ಳಿಯಾಗಿಯೇ ಉಳಿಯಬೇಕು. ಕೆಟ್ಟ ತಗಡುಗಳು ಹಿತ್ತಲಿನ ಹಳ್ಳ ಸೇರಿದವು.

“ಅವ್ಳು ಆ ಬೋರ್ಡು ಆಕ್ದೆ ಇದ್ರೆ ನಾನು ನಾಕು ಊವಿಗೇ ನಿಂತ್ಬುಡ್ತಿದ್ದೆ. ಸುಳ್ಳು ಯಾಕೆ ಯೋಳ್ಲಿ?”

ಬಳ್ಳಿ ಸಿದ್ಧವಾದ ವರ್ಷವೇ ನಾಗಮಂಗಲದಲ್ಲಿ ಹೊನ್ನಪ್ಪನ ದೊಡ್ಡಪ್ಪನ ಮೊಮ್ಮಗಳ ಮದುವೆ. ಮನೆಯವರೆಲ್ಲ ಹೋದರು. ಮದುವೆ ಹುಡುಗಿಯ ಅಲಂಕಾರಕ್ಕೆ ಶ್ರೀರಂಗಪಟ್ಟಣದಿಂದ ಕರೆಸಿದ್ದು ರಂಜಿತಳನ್ನು. ಗೌರಮ್ಮನನ್ನು ಕರೆದಿದ್ದು ನೆಂಟಳೆಂದು, ತರಕಾರಿ ಹೆಚ್ಚಲು. ಆದರೂ ಅವರು ಬಳ್ಳಿಯ ತಗಡು, ಬ್ಲೇಡು, ಬುಡ್ಡೆ ಮೂರನ್ನೂ ಎಲೆಅಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗಿದ್ದರು. ಯಾಕೆಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ.

ಧಾರೆಯ ದಿನ ಬೆಳಿಗ್ಗೆ ಒಳಗಿನ ಕೋಣೆಯಿಂದ ಅಳುವಿನ ಸದ್ದು ಬಂತು. ಕೆರೆದು ಕೆರೆದು ರಂಜಿತಳ ನಾಲ್ಕೂ ಅಚ್ಚುಗಳ ಗೀರು ಸವೆದುಹೋಗಿತ್ತು. ಹೊಸದನ್ನು ಕೊರೆಯಲು ಅವಳಿಗೆ ಬಾರದು. ಮೈಸೂರಿನಲ್ಲಿ ಯಾರಿಂದಲೋ ಮಾಡಿಸಿ ತಂದಿದ್ದ ಅಚ್ಚಿನ ಗೀರಿಗೆ ಆಳವೇ ಇರಲಿಲ್ಲ. ಉಗುರಿನ ಮೇಲೆ ಹೂವಿನ ಬದಲು ಬಿಳಿಯ ಕಲೆಗಳು ಬಿದ್ದಿದ್ದವು. ಗಂಡಿನ ಕಡೆಯ ಹುಡುಗಿಯೊಬ್ಬಳು ಇಣುಕಿ ನೋಡಿ, “ಸೊಳ್ಳೆ ಒಡ್ದಂಗೈತೆ,” ಎಂದು ನಕ್ಕು ಹೋಗಿದ್ದಳು.

“ಪಾಯಸ ಕುಡ್ದಷ್ಟು ಕುಸಿಯಾಯ್ತು ನಂಗೆ,” ಅನ್ನುತ್ತಾರೆ ಗೌರಮ್ಮ. “ಬದನೆಕಾಯಿ ಎಚ್ತಾ ಇದ್ದೋಳು ಇನ್ನೂ ಸಣ್ಣಗೆ ಎಚ್ಚಿದೆ.”

ರಂಜಿತ ತರಕಾರಿಯ ರಾಶಿಯ ಬಳಿಗೆ ಓಡಿಬಂದಳು. ಬೆವರಿದ್ದಳು.

“ಅಕ್ಕಾ, ಬನ್ನಿ. ನನ್ನಿಂದ ಆಗ್ತಿಲ್ಲ.”

“ನಿನ್ ಅಂಗ್ಡೀಲಿ ಮಾತ್ರ ಅಲ್ವಾ ಸಿಗಾದು?” ಅಂದರು ಗೌರಮ್ಮ, ಈಳಿಗೆಯಿಂದ ಕಣ್ಣೆತ್ತದೆ.

ಪಾರ್ವತಮ್ಮ ಬಂದು ಗದರಿದರು. ಗೌರಮ್ಮ ಏಳಲಿಲ್ಲ. ಹೊನ್ನಪ್ಪ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದರು. ಗೌರಮ್ಮ ಇನ್ನೊಂದು ಬದನೆಕಾಯಿ ತಗೊಂಡರು. ಕೊನೆಗೆ ಮದುವೆ ಹುಡುಗಿಯೇ ಬಾಸಿಂಗ ಕಟ್ಟಿಸಿಕೊಳ್ಳುವ ಮೊದಲು ಹಿತ್ತಲಿಗೆ ಬಂದು, ಎರಡೂ ಕೈ ಮುಂದೆ ಚಾಚಿ ನಿಂತಳು. ಹತ್ತೂ ಉಗುರಿನಲ್ಲಿ ಬಿಳಿ ಕಲೆ. ಬಾಯಿಬಿಟ್ಟು ಕೇಳಲು ಅವಳಿಗೆ ಅಳು ಬಿಡುತ್ತಿರಲಿಲ್ಲ.

ಆ ಹುಡುಗಿಯ ಮೇಲಿನ ಕನಿಕರಕ್ಕೆ ಎದ್ದೆ ಅಂತ ಹೇಳಿದ್ದರೆ ಕೇಳುವವರಿಗೆ ಚೆನ್ನಾಗಿರುತ್ತಿತ್ತು. ಗೌರಮ್ಮ ಹಾಗೆ ಹೇಳುವುದಿಲ್ಲ. “ಕನಿಕರನೂ ಬಂತು. ಆದ್ರೆ ಸೊಂಟದಲ್ಲಿ ನನ್ ಬಳ್ಳಿ ಇತ್ತಲ್ಲ, ಅಷ್ಟು ಜನ ಸೇರಿದ್ರಲ್ಲ. ಇವತ್ತಾದ್ರೂ ನೋಡ್ಲಿ ಅನ್ನುಸ್ತು. ಅವ್ಳ ಮುಂದೇನೇ ನೋಡ್ಲಿ ಅನ್ನುಸ್ತು.”

ಕೈ ತೊಳೆದು ಬಂದರು. ಹುಡುಗಿಯ ಮಣಿಕಟ್ಟು ಅಲುಗದಂತೆ ಹಿಡಿದುಕೊಳ್ಳಲು ರಂಜಿತಳಿಗೆ ಹೇಳಿದರು. ಕಲೆ ಒರೆಸಿ, ಕೆಂಪು ಬಳಿದು, ಒಂದೊಂದೇ ಉಗುರಿಗೆ ಬಳ್ಳಿ ಇಳಿಸಿದರು. ಸುರುಳಿ ಒಂದು ಉಗುರಿನಿಂದ ಹೊರಟು ಪಕ್ಕದ ಉಗುರಿಗೆ ಹಬ್ಬಿದಂತೆ, ಹತ್ತು ಬೆರಳಿಗೂ ಒಂದೇ ಬಳ್ಳಿ. ಧಾರೆ ಎರೆಯುವಾಗ ಹುಡುಗಿಯ ಕೈಗಳ ಮೇಲೆ ಹಾಲು ಇಳಿಯುತ್ತಿದ್ದರೆ ಎಲ್ಲರ ಕಣ್ಣೂ ಆ ಉಗುರುಗಳ ಮೇಲೆ.

ಆಮೇಲೆ ಊಟದ ಪಂಕ್ತಿಗೆ ಮುಂಚೆ, ಹೆಂಗಸರೆಲ್ಲ ಸೇರಿದ್ದ ಪಡಸಾಲೆಯಲ್ಲಿ ರಂಜಿತ ಎದ್ದು ನಿಂತಳು. “ಇದೆಲ್ಲ ನಮ್ಮ ಅಕ್ಕನ ಕೈಕೆಲಸ. ನಾನು ಪಾರ್ಲರಿನಲ್ಲಿ ಮಾಡ್ತಿದ್ದುದೂ ಅವರದೇ ಅಚ್ಚು. ನನಗೆ ಒಂದು ಗೀರೂ ಎಳೆಯೋಕೆ ಬರಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಅಂತ ನಾನು ಪೆನ್ನು ಮುಚ್ಚಲು ಹೊರಟೆ. ಗೌರಮ್ಮ ಹಣೆ ಚಚ್ಚಿಕೊಂಡರು.

“ತಡೀರಿ. ಅವ್ಳು ಅಂಗಂದೇಟ್ಗೆ ಎಂಗಸ್ರೆಲ್ಲ ಏನಂದ್ರು ಗೊತ್ತಾ? ‘ಎಂಥಾ ದೊಡ್ಡ ಮನ್ಸು ನೋಡವ್ವ ರಂಜಿತಂದು! ಯಾರು ಇಂಗೆ ಒಪ್ಕೊಂಡಾರು!’ ಊಟ ಮುಗಿಯೋಗಂಟ ಅದೇ ಮಾತು. ಬಳ್ಳಿ ನಂದು, ದೊಡ್ಡ ಮನ್ಸು ಅವ್ಳದು! ಒಳ್ಳೇಳಾಗೋ ಪುಣ್ಯನೂ ಅವ್ಳಿಗೇ ಓಯ್ತು. ಅನ್ನಕ್ಕೆ ಉಪ್ಪು ಐತೋ ಇಲ್ವೋ ನಂಗೆ ತಿಳೀನಿಲ್ಲ.”

ಬೋರ್ಡಿನಿಂದ ‘ಇಲ್ಲಿ ಮಾತ್ರ’ ಅಳಿಸಿಹೋಗಿದೆ. ಈಗ ಪಾರ್ಲರಿಗೆ ಬೇಕಾದ ಅಚ್ಚುಗಳನ್ನು ಗೌರಮ್ಮನೇ ಕೊರೆದು ಕಳಿಸುತ್ತಾರೆ. ಹಳ್ಳಿಯ ಮದುವೆಗಳು ಇವರಿಗೆ, ಪಟ್ಟಣದ ಮದುವೆಗಳು ಅವಳಿಗೆ. ರಂಜಿತ ಹಬ್ಬಕ್ಕೆ ಬರುವಾಗ ಪಾಲಿಶ್ ಸೀಸೆಗಳನ್ನು ಹೊತ್ತು ತರುತ್ತಾಳೆ. ಹೋಗುವಾಗ ಅಚ್ಚು ಒಯ್ಯುತ್ತಾಳೆ. ಹೊಸ ನಮೂನೆ ಬಂದರೆ ಮೊದಲ ವರ್ಷ ಗೌರಮ್ಮ ಅದನ್ನು ಅವಳಿಗೆ ಕೊಡುವುದಿಲ್ಲ. ಈ ವರ್ಷದ್ದು ಜೋಡಿ ಗಿಳಿ. ನನಗೆ ತೋರಿಸಿ, “ಅವ್ಳ ಮುಂದೆ ಬಾಯಿ ಬುಡಬ್ಯಾಡಿ,” ಎಂದು ಮಾತು ತಗೊಂಡಿದ್ದಾರೆ. ಈ ಲೇಖನ ಅಚ್ಚಾಗುವುದರೊಳಗೆ ಗಿಳಿಗೆ ಒಂದು ಮದುವೆ ಋತು ಕಳೆದಿರುತ್ತದೆ ಎಂದು ಅವರೇ ಲೆಕ್ಕ ಹಾಕಿ ಒಪ್ಪಿಗೆ ಕೊಟ್ಟ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣದ ಆ ಕೋಣೆಗೂ ಹೋಗಿಬಂದೆ. ರಂಜಿತಳ ಉಗುರುಗಳು ಗೌರಮ್ಮ ಹೇಳಿದಷ್ಟೇ ಚೆಂದ. ಗಿರಾಕಿಗಳಿಲ್ಲದ ಮಧ್ಯಾಹ್ನ. ಅಕ್ಕನ ಮಾತು ತೆಗೆದೊಡನೆ ಕನ್ನಡಿ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ಅಕ್ಕನಿಗೆ ನನ್ನ ಕಂಡರೆ ಹೊಟ್ಟೆಕಿಚ್ಚು ಅಂತ ಹೇಳಿರ್ತಾರೆ. ಎಲ್ಲರಿಗೂ ಹೇಳ್ತಾರೆ,” ಎಂದು ನಕ್ಕಳು. ಆಮೇಲೆ ನಗಲಿಲ್ಲ. “ನನ್ನದು ಯಾರಿಗೂ ಹೇಳಿಲ್ಲ. ಆ ಮನೆಯಲ್ಲಿದ್ದಾಗ ಅಕ್ಕ ಚಾಣ ಹಿಡಿದು ಜಗಲಿಗೆ ಕೂತರೆ, ಅತ್ತೆ ಕೂಗಿದರೂ ಕೇಳ್ತಿರಲಿಲ್ಲ, ಹಸು ಕೂಗಿದರೂ ಕೇಳ್ತಿರಲಿಲ್ಲ. ಮುಖ ಏನೋ ಒಂಥರಾ ಆಗೋದು. ನಾನು ಬಾಗಿಲ ಸಂದಿಯಿಂದ ನೋಡ್ತಿದ್ದೆ. ಅವರು ಹೊಲಕ್ಕೆ ಹೋದಾಗ ಅದೇ ಚಾಣ ತಗೊಂಡು ಗೀಚಿ ನೋಡಿದೀನಿ, ಎಷ್ಟೋ ಸಲ. ಬರಲಿಲ್ಲ. ಈ ಉಗುರು ಬೆಳೆಸಿದ್ದು ಬಿಟ್ಟರೆ ನಾನು ಇನ್ನೇನು ಮಾಡಿದೀನಿ ಹೇಳಿ? ಆ ಕೈ ನನಗೆ ಯಾಕೆ ಕೊಡಲಿಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.”

ಇದನ್ನು ಅಕ್ಕನಿಗೆ ಹೇಳಬಹುದಾ ಎಂದು ಕೇಳಿದೆ. ಬಟ್ಟೆಯನ್ನು ಮತ್ತೆ ಕೈಗೆ ತಗೊಂಡಳು.

“ನೀವೇ ಹೇಳಿ. ನಾನು ಹೇಳಿದರೆ ಅದನ್ನೂ ನನ್ನ ದೊಡ್ಡ ಮನಸ್ಸು ಅಂದ್ಕೋತಾರೆ.”

ಮರುದಿನ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಗೌರಮ್ಮ ಡೈರಿಯಿಂದ ಬಂದು, ಜಗಲಿಯ ಬಿಸಿಲಿನಲ್ಲಿ ತಗಡಿನ ಮೇಲೆ ಬಾಗಿದ್ದಾರೆ. ನಾಲೆಯ ಕಡೆಯಿಂದ ಕಬ್ಬು ತುಂಬಿದ ಟ್ರಾಕ್ಟರುಗಳು ಕಾರ್ಖಾನೆಗೆ ಹೋಗುತ್ತಿವೆ. ರಂಜಿತ ಹೇಳಿದ್ದನ್ನೆಲ್ಲ, ಬಾಗಿಲ ಸಂದಿಯನ್ನೂ ಸೇರಿಸಿ, ಹೇಳುತ್ತೇನೆ. ಚಾಣ ನಿಲ್ಲುತ್ತದೆ. ಅವರು ತಲೆಯೆತ್ತುವುದಿಲ್ಲ.

“ಅವ್ಳಿಗಾ? ನನ್ ಮ್ಯಾಲಾ?”

ಹೌದು ಅನ್ನುತ್ತೇನೆ.

“ಕದ್ದು ನೋಡ್ತಿದ್ಲಂತಾ?”

ಹೌದು.

ತಗಡಿನ ಮೇಲೆ ಬಿದ್ದ ಹಿತ್ತಾಳೆ ಪುಡಿಯನ್ನು ಬಾಯಿಂದ ಊದಿ, ಸೆರಗಿನಿಂದ ಒರೆಸಿ, ಅದನ್ನು ಪಕ್ಕಕ್ಕಿಟ್ಟು, ಪುಟ್ಟಗೌರಮ್ಮ ಕಾಲು ನೀಡಿ ಗೋಡೆಗೆ ಒರಗಿ ಕೂರುತ್ತಾರೆ.

“ಇನ್ನೊಂದ್ ಸಲ ಯೋಳಿ ಕಣವ್ವ. ಅವ್ಳು ಎಂಗಂದ್ಲೋ ಅಂಗೇಯ, ಬುಡ್ದಂಗೆ ಯೋಳಿ.”